ಗಡಿಗೆ ಹೋದ ರೊಟ್ಟಿ

ಅವ್ವನ ಕಣ್ಣಿನ ಆಪರೇಷನ್ ಆಗಿ ಐದನೆಯ ದಿನ ತಮ್ಮನಿಗೆ ಫೋನ್ ಬಂತು. ಅವನು ಮಾಳಿಗೆಯ ಮೇಲೆ ಕೂತು ನೀರಿನ ಟಾಕಿಯ ಒಡೆದ ಪೈಪು ಜೋಡಿಸುತ್ತಿದ್ದ. ಮಾತು ಅರ್ಧ ನಿಮಿಷವೂ ನಡೆಯಲಿಲ್ಲ. "ಜೀ ಸಾಬ್, ಜೀ ಸಾಬ್" ಅಂದದ್ದಷ್ಟೇ ನನಗೆ ಕೇಳಿಸಿತು. ಅವನು ಕೂಡಲೇ ಇಳಿದು ಬರಲಿಲ್ಲ. ಪೈಪಿನ ಕೆಲಸ ಪೂರ್ತಿ ಮುಗಿಸಿ, ನಳ ತಿರುವಿ ನೀರು ಬರುವುದನ್ನು ನೋಡಿ, ಕೈ ತೊಳೆದುಕೊಂಡೇ ಕೆಳಗೆ ಬಂದ.

"ಅಕ್ಕಾ, ರಜಾ ಕ್ಯಾನ್ಸಲ್ ಆತು. ಇವತ್ತ ಹೊಂಡಬೇಕು."

ನಮ್ಮ ಊರು ತಾವರಗೇರಾ. ನಾನು ಅಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಅಪ್ಪ ತೀರಿಹೋಗಿ ಬಹಳ ವರ್ಷಗಳಾದವು. ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ತಮ್ಮ ಮಿಲಿಟರಿಯಲ್ಲಿ ಹವಾಲ್ದಾರ. ಈ ಸಲ ಅವನು ರಜೆ ಹಾಕಿ ಬಂದದ್ದೇ ಅವ್ವನ ಕಣ್ಣಿನ ಪೊರೆ ತೆಗೆಸಲಿಕ್ಕೆ. ಗಂಗಾವತಿಗೆ ಕರೆದುಕೊಂಡು ಹೋಗಿ, ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ, ಆಪರೇಷನ್ ಮಾಡಿಸಿಕೊಂಡು ಬಂದಿದ್ದ. ಒಂದು ತಿಂಗಳು ಒಲೆಯ ಮುಂದೆ ಕೂಡಬಾರದು, ಕಣ್ಣಿಗೆ ಹೊಗೆ ತಾಗಬಾರದು, ಅಳಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೂರನೆಯದು ಅವ್ವನಿಗೆ ಮೊದಲೆರಡಕ್ಕಿಂತ ಕಷ್ಟದ್ದು.

ಗಡಿಯಲ್ಲಿ ಬಿಸಿ ಏರಿದ್ದ ಬೇಸಿಗೆ ಅದು. ಟೀವಿಯಲ್ಲಿ ಬೆಳಗಿನಿಂದ ಅದೇ ಕೂಗಾಟ. ಹಾಗಾಗಿ ಫೋನು ಬರಬಹುದೆಂದು ನಮಗೆಲ್ಲ ಒಳಗೊಳಗೇ ಗೊತ್ತಿತ್ತು. ಆದರೂ ಅವ್ವ ಕರಿ ಕನ್ನಡಕದ ಹಿಂದಿನಿಂದ ಮಗನ ದನಿ ಬಂದ ಕಡೆಗೆ ಮುಖ ತಿರುಗಿಸಿ, "ಅಯ್ಯ, ಇನ್ನೂ ಒಂದ್ ರೊಟ್ಟಿ ಮಾಡಿ ಹಾಕಿಲ್ಲಲ್ಲೋ ನಿನಗ" ಅಂದಳು.

ಅವನು ಪ್ರತಿ ಸಲ ಹೊರಡುವಾಗ ಅವ್ವ ಮೂರು ದಿನ ಮೊದಲೇ ಖಡಕ್ ರೊಟ್ಟಿ ಬಡಿದು, ಬಿಸಿಲಿಗೆ ಒಣಗಿಸಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ ಕಟ್ಟಿಕೊಡುತ್ತಿದ್ದಳು. ಈ ಸಲ ಆ ಕೆಲಸ ನನ್ನ ಮೇಲೆ ಬಿತ್ತು. ನನ್ನ ರೊಟ್ಟಿಯ ವಿಷಯ ಊರಿಗೆಲ್ಲ ಗೊತ್ತಿದೆ. ಹಂಚಿನ ಮೇಲೆ ಹಾಕುವಾಗಲೇ ಅದು ನಾಲ್ಕು ಜಿಲ್ಲೆಯಾಗಿ ಒಡೆಯುತ್ತದೆ. ಆರು ರೊಟ್ಟಿ ಮಾಡುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ತಮ್ಮ ಅವನ್ನೇ ಟವೆಲಿನಲ್ಲಿ ಸುತ್ತಿಕೊಂಡು, "ಸಾಕು ಬಿಡ ಅಕ್ಕಾ, ಅಲ್ಲೆ ಇದ್ದವರಿಗೆ ರೊಟ್ಟಿ ಅಂದ್ರ ದುಂಡಗ ಇರ್ತೈತಿ ಅನ್ನೋದ ಗೊತ್ತಿಲ್ಲ" ಅಂದ.

ಅವನನ್ನು ರೈಲು ಹತ್ತಿಸಲು ನಾನು ಕೊಪ್ಪಳದವರೆಗೆ ಹೋದೆ. ಲಗ್ನದ ದಿನಗಳು, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನು ಸಾದಾ ಬಟ್ಟೆಯಲ್ಲೇ ಇದ್ದ, ಆದರೆ ಬೆನ್ನಿನ ಹಸಿರು ಬ್ಯಾಗು ನೋಡಿ ಕಂಡಕ್ಟರ್ ತನ್ನ ಸೀಟಿನಿಂದ ಎದ್ದ.

"ಕೂಡ್ರಿ ಸರ್."

"ಏ, ನೀವು ಡ್ಯೂಟಿ ಮ್ಯಾಲೆ ಅದೀರಿ, ನೀವು ಕೂಡ್ರಿ."

"ನೀವೂ ಡ್ಯೂಟಿಗೇ ಹೊಂಟೀರಿ. ಅಲ್ಲೆ ನಿಲ್ಲೋದು ಇದ್ದದ್ದ ಐತಿ, ಇಲ್ಲೆರ ಕೂಡ್ರಿ."

ತಮ್ಮ ಕೂತ. ಕುಷ್ಟಗಿ ದಾಟುವಷ್ಟರಲ್ಲಿ ಅವನ ತೊಡೆಯ ಮೇಲೆ ಯಾರದೋ ಕೂಸು, ಕಾಲ ಬಳಿ ಯಾರದೋ ಲಗ್ನದ ಪಾತ್ರೆ, ಕೈಯಲ್ಲಿ ಯಾರೋ ಕೊಟ್ಟ ಸೌತೆಕಾಯಿ. ಜನರಿಗೆ ಅವನಿಗೆ ಏನಾದರೂ ಕೊಡಬೇಕು ಎನಿಸುತ್ತಿತ್ತು. ಏನು ಕೊಡಬೇಕೆಂದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ.

ಕೊಪ್ಪಳ ಸ್ಟೇಶನ್ನಿನಲ್ಲಿ ಹಾಗೆಯೇ ರಜೆ ಬಿಟ್ಟು ಹೊರಟ ಐದಾರು ಜನ ಸೈನಿಕರಿದ್ದರು. ಯಲಬುರ್ಗಾ ಕಡೆಯವರು, ಗಂಗಾವತಿ ಕಡೆಯವರು. ಎರಡೇ ನಿಮಿಷದಲ್ಲಿ ಅವರೆಲ್ಲ ಒಂದೇ ಓಣಿಯವರ ಹಾಗೆ ಮಾತಾಡತೊಡಗಿದರು. ಪ್ಲಾಟ್‌ಫಾರ್ಮಿನ ತುಂಬ ಜನ. ಘೋಷಣೆ ಕೂಗಿದರು, ಹಾರ ಹಾಕಿದರು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ನನಗೆ ಅದು ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಕಸಿವಿಸಿ. ತಮ್ಮನ ಮುಖ ನೋಡಿದರೆ ಅವನು ನನಗೇ ಸಮಾಧಾನ ಹೇಳಿದ. "ಅಕ್ಕಾ, ಅವರು ಪ್ರೀತಿಲೇನ ಹಾಕ್ತಾರ, ಬ್ಯಾಡ ಅನಬಾರದು. ಆದ್ರ ಇಷ್ಟು ಹಾರ ಜನರಲ್ ಬೋಗ್ಯಾಗ ಎಲ್ಲೆ ಇಡ್ಲಿ ಹೇಳು."

ಆ ಗದ್ದಲದಲ್ಲಿ ಒಬ್ಬ ಹೆಂಗಸು ನನ್ನ ಕಣ್ಣಿಗೆ ಬಿದ್ದರು. ಅರವತ್ತರ ಆಸುಪಾಸಿನವರು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಬಿಳಿ ಬಟ್ಟೆಯ ಗಂಟೊಂದನ್ನು ಎದೆಗೆ ಹಿಡಿದು ಕಂಬದ ಪಕ್ಕ ನಿಂತಿದ್ದರು. ಯಲಬುರ್ಗಾ ಕಡೆಯ ತಮ್ಮದೇ ಊರಿನ ಸೈನಿಕನೊಬ್ಬನನ್ನು ಕಳಿಸಲು ಅವನ ಮನೆಯವರ ಜೊತೆ ಬಂದವರು. ರೈಲು ಬರುವ ಸದ್ದಾದಾಗ ಜನ ಒಮ್ಮೆ ಹಿಂದೆ ಸರಿದರು. ಆಗ ಅವರು ಮುಂದೆ ಬಂದು ಗಂಟು ಬಿಚ್ಚಿ, ಅಲ್ಲಿದ್ದ ಆರು ಜನರಿಗೂ ಸಮ ಪಾಲು ಮಾಡಿ ರೊಟ್ಟಿ ಕೊಟ್ಟರು. ಎಳ್ಳು ಹಚ್ಚಿದ ಖಡಕ್ ರೊಟ್ಟಿ, ಹಾಳೆಯಷ್ಟು ತೆಳ್ಳಗೆ. "ತಿನ್ರಿ ಅಪ್ಪ, ದಾರ್ಯಾಗ ಹಸದಿರಬ್ಯಾಡ್ರಿ" ಅಂದರು. ತಮ್ಮ ಬಗ್ಗಿ ಅವರ ಕಾಲು ಮುಟ್ಟಿದ. ಅವರ ಕೈ ಅವನ ತಲೆಯ ಮೇಲೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು ಎಂದು ನನಗೆ ಅನ್ನಿಸಿತು.

ಮರಳುವ ಬಸ್ಸಿನಲ್ಲಿ ಅವರ ಪಕ್ಕವೇ ನನಗೆ ಸೀಟು ಸಿಕ್ಕಿತು. ನಾನು ಟೀಚರ್ ಎಂದು ತಿಳಿದ ಮೇಲೆ ಅವರು ನನ್ನನ್ನು ಅಕ್ಕಾರ ಎಂದೇ ಕರೆದರು. ನಾನು ದೊಡ್ಡವ್ವ ಅಂದೆ.

"ನಿಮ್ಮ ಮಗನೂ ಮಿಲಿಟರ್ಯಾಗ ಅದಾರೇನ ದೊಡ್ಡವ್ವ?" ಎಂದು ಕೇಳಿದೆ.

"ಇದ್ದ. ಐದು ವರ್ಷ ಆತು."

ಮುಂದಿನದನ್ನು ಅವರೇ ಹೇಳಿದರು. ಹಿಮ ಕುಸಿದು ಹೋದದ್ದು. ಊರಿಗೆ ತಂದ ದಿನ ಎಷ್ಟು ಜನ ಸೇರಿದ್ದರೆಂದರೆ, ಹೆತ್ತವಳಿಗೇ ಪೆಟ್ಟಿಗೆಯ ಹತ್ತಿರ ಹೋಗಲು ದಾರಿ ಬಿಡಿಸಬೇಕಾಯಿತು. ಸಾಲಿ ಮುಂದೆ ಅವನ ಹೆಸರಿನ ಕಲ್ಲು ಹಾಕಿದರು. ಮೊದಲ ವರ್ಷ ಆ ಕಲ್ಲಿಗೆ ಹೂವು ಹಾಕಲು ಊರೇ ಬಂದಿತ್ತು. ಆಮೇಲೆ ಸಾಲಿಯ ಮಕ್ಕಳು, ಮಾಸ್ತರು ಬಂದರು. ಅವರು ಈಗಲೂ ತಪ್ಪದೆ ಬರುತ್ತಾರೆ.

"ಅದಕ್ಕ ನನಗೇನ ಬ್ಯಾಸರ ಇಲ್ರಿ ಅಕ್ಕಾರ. ಮಂದಿಗೆ ಅವರವರ ಬದುಕು ಇರ್ತೈತಿ. ಆದ್ರ ಒಂದ್ ಮಾತು. ನಮ್ಮ ಓಣ್ಯಾಗ ಶಾವಿಗಿ ಮಾಡಾಕ ನನ್ನ ಕರಿಯಂಗಿಲ್ಲ. ಲಗ್ನದ ಮನ್ಯಾಗ ರೊಟ್ಟಿ ಬಡಿಯಾಕ ಕರಿಯಂಗಿಲ್ಲ. ಮೊದಲ ಗಂಡ ಹೋದ, ಆಮ್ಯಾಲೆ ಮಗ ಹೋದ, ಈಕಿ ಕೈ ಒಳ್ಳೇ ಕೆಲಸಕ್ಕ ಬ್ಯಾಡ ಅಂತ. ಎದುರಿಗೆ ಸಿಕ್ರ ವೀರ ಯೋಧನ ತಾಯಿ ಅಂತ ಕೈ ಮುಗೀತಾರ. ಜರಾ ಖಾರ ಕೊಡು ಅಂತ ಒಬ್ಬಾಕಿನೂ ಬಾಗಲಕ್ಕ ಬರಂಗಿಲ್ಲ."

ಅದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, ಉಳುಮೆ ಮಾಡಿ ಬಿಟ್ಟ ಎರೆ ಹೊಲಗಳ ಬಗ್ಗೆ ಹೇಳುವವರಂತೆ ಹೇಳಿದರು. ಆಮೇಲೆ ತಾವಾಗಿಯೇ ಸ್ವಲ್ಪ ನಕ್ಕರು. "ಎಲ್ಲಾರೂ ಧೈರ್ಯವಂತ ಅಂತಾರ. ನನ್ನ ಮಗ ಕೋಳಿ ಕಂಡ್ರ ಅಂಜತಿದ್ದ. ಮಿಲಿಟರಿ ಸೇರಿದ ಮ್ಯಾಲೂ, ರಜಾಕ್ಕ ಬಂದಾಗ, ಹಿತ್ತಲದಾಗ ಕೋಳಿ ಇದ್ರ ನಾನು ಮುಂದ ಹೋಗಬೇಕಿತ್ತು. ಅದನ್ನ ಕೇಳೋರು ಯಾರೂ ಇಲ್ಲ."

ಅವರು ಇಳಿಯುವ ಮುಂಚೆ ಫೋನ್ ನಂಬರ್ ಕೇಳಿ ಬರೆದುಕೊಂಡೆ. ಯಾಕೆ ಬರೆದುಕೊಂಡೆನೋ ಆಗ ನನಗೆ ಸ್ಪಷ್ಟವಿರಲಿಲ್ಲ. ಉಳಿದ ದಾರಿಯಲ್ಲೆಲ್ಲ ನಮ್ಮ ಓಣಿಯ ಇಬ್ಬರು ವಿಧವೆಯರ ನೆನಪು ಬರುತ್ತಿತ್ತು. ಅವರನ್ನು ನಾನು ಯಾವ ಕೆಲಸಕ್ಕೆ ಕರೆದಿದ್ದೆ ಎಂದು ಲೆಕ್ಕ ಹಾಕಿ ನನಗೇ ನಾಚಿಕೆಯಾಯಿತು.

ಆಮೇಲಿನ ದಿನಗಳು ಕೆಟ್ಟ ದಿನಗಳು. ಅವ್ವನಿಗೆ ಟೀವಿ ನೋಡಬಾರದೆಂದು ಡಾಕ್ಟರು ಹೇಳಿದ್ದರು, ಕೇಳಬಾರದೆಂದು ಹೇಳಿರಲಿಲ್ಲ. ಒಳಗಿನ ಕೋಣೆಯಲ್ಲಿ ಕೂತು ಅವಳು ಸುದ್ದಿ ಕೇಳುತ್ತಿದ್ದಳು. ನಾನು ಬಂದ್ ಮಾಡಿದರೆ ಪಕ್ಕದ ಮನೆಯ ಟೀವಿ ಗೋಡೆ ದಾಟಿ ಕೇಳುತ್ತಿತ್ತು. ಹೆಜ್ಜೆ ಸಪ್ಪಳವಾದರೆ ಸಾಕು, "ಯಾರು? ಫೋನ್ ಬಂತೇನ?" ಎಂದು ಕೇಳುವಳು. ಊಟ ಅರ್ಧಕ್ಕರ್ಧ ಕಡಿಮೆಯಾಯಿತು.

ಒಂದು ಮಧ್ಯಾಹ್ನ ತಮ್ಮನ ಫೋನ್ ಬಂತು. ಎಲ್ಲಿದ್ದೇನೆ ಎಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಆರಾಮ ಅದೀನಿ ಅಂದ, ಅವ್ವನ ಕಣ್ಣು ವಿಚಾರಿಸಿದ. ಇಡುವ ಮುಂಚೆ ನನ್ನ ಹತ್ತಿರ ಮೆಲ್ಲಗೆ, "ಅಕ್ಕಾ, ಆ ದೊಡ್ಡವ್ವನ ಎಳ್ಳು ರೊಟ್ಟಿ ಎರಡ ದಿನದಾಗ ಮುಗದ್ವು. ಎಲ್ಲಾರೂ ಕಸಗೊಂಡು ತಿಂದ್ರು. ಇಲ್ಲೆ ನಮ್ಮ ಕಡೆಯವರು ಹನ್ನೊಂದು ಮಂದಿ ಅದೀವಿ" ಅಂದ. ಅಷ್ಟೇ. ಕಳಿಸು ಅನ್ನಲಿಲ್ಲ.

ಅಲ್ಲಿ ನಮ್ಮ ಕಡೆಯ ಹನ್ನೊಂದು ಮಂದಿ ರೊಟ್ಟಿಗೆ ಹಂಬಲಿಸುತ್ತಿದ್ದಾರೆಂದಷ್ಟೇ ಅವ್ವನಿಗೆ ಹೇಳಿದೆ. ಅವಳು ತಕ್ಷಣ ಎದ್ದು ನಿಂತಳು. "ಹಿಟ್ಟು ನಾದೋ ಕೊಣಮಿಗಿ ತೊಳಿ. ನಾ ಬಡೀತೀನಿ."

"ಕಣ್ಣು ಹೋದಾವು ನಿನ್ನವು. ಕೂಡು ಸುಮ್ಮನ."

"ಮತ್ತ ಯಾರು ಮಾಡ್ತಾರ? ನೀನೇನ?"

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ಓಣಿಯ ಮನೆಮನೆಗೆ ಹೋದೆ. ಯಾರೂ ಇಲ್ಲ ಅನ್ನಲಿಲ್ಲ. ಒಬ್ಬಳು ಬಿಳಿಜೋಳದ ಹಿಟ್ಟು ಬೀಸಿಸಿ ತರುತ್ತೇನೆ ಅಂದಳು, ಇನ್ನೊಬ್ಬಳು ಹಿಂಡಿ ಕುಟ್ಟಿ ಕೊಡುತ್ತೇನೆ ಅಂದಳು, ಬಜಾರಿನ ಬೇಕರಿಯವನು ಬಿಸ್ಕತ್ತಿನ ಖಾಲಿ ತಗಡಿನ ಡಬ್ಬಿಗಳನ್ನು ತೊಳೆದು ಒರೆಸಿ ಕೊಟ್ಟ. ಕಳಿಸುವ ದಾರಿಯನ್ನು ತಮ್ಮನೇ ಮರುದಿನ ತಿಳಿಸಿದ. ಗಂಗಾವತಿ ಹತ್ತಿರದ ಕ್ಯಾಂಪಿನ, ಅಂದರೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರಿನ, ತೆಲುಗು ಮನೆಯ ಸೈನಿಕನೊಬ್ಬ ಅವನ ಪಲಟನ್ನಿನವನೇ. ಕೈ ಮುರಿದು ರಜೆಯಲ್ಲಿದ್ದ. ಪ್ಲಾಸ್ಟರ್ ಬಿಚ್ಚಿಸಿಕೊಂಡು ಆ ವಾರವೇ ಹೊರಡುವವನಿದ್ದ.

ಹತ್ತು ಹೆಂಗಸರು ಸೇರಿದೆವು. ಅಷ್ಟಾದರೂ ತೆಳ್ಳಗೆ, ಮುರಿಯದಂತೆ ಬಡಿಯುವ ಕೈ ಅದರಲ್ಲಿ ಎರಡೋ ಮೂರೋ. ಈಗಿನ ಹುಡುಗಿಯರಿಗೆ ಮೆತ್ತನ್ನ ರೊಟ್ಟಿಯೇ ಅಪರೂಪ. ಆಗ ಯಲಬುರ್ಗಾ ಕಡೆಯ ದೊಡ್ಡವ್ವನನ್ನು ಕರೆಯೋಣ ಎಂದು ನಾನು ಅಂದೆ. ಯಾರೆಂದು ವಿವರವಾಗಿ ಹೇಳಿದೆ. ಓಣಿಯವರು ಒಪ್ಪಿದರು. ಬೇಡ ಅಂದವಳು ನನ್ನ ಅವ್ವ.

ಎಲ್ಲರೂ ಹೋದ ಮೇಲೆ ನನ್ನನ್ನು ಒಳಗೆ ಕರೆದು ಹೇಳಿದಳು. "ಆಕಿಗೆ ನಾ ಕೆಟ್ಟದ್ದು ಬಯಸಂಗಿಲ್ಲ ತಂಗಿ. ದೇವರು ಆಕಿಗೆ ಮಾಡಬಾರದ್ದು ಮಾಡ್ಯಾನ. ಆದ್ರ ಮಗನ್ನ ಕಳಕೊಂಡಾಕಿ ಕೈಲೆ ಬಡದ ರೊಟ್ಟಿ ನನ್ನ ಮಗಗ ಈ ಹೊತ್ತಿನ್ಯಾಗ ಬ್ಯಾಡ."

"ಅವ್ವ, ಅವನು ಆಗಲೇ ತಿಂದಾನ ಆಕಿ ರೊಟ್ಟಿ. ರೈಲು ಹತ್ತೋ ಮುಂದ ಆಕಿನ ಕೊಟ್ಟಿದ್ದಳು. ಛಲೋ ಅದಾವ ಅಂತ ಫೋನಿನ್ಯಾಗ ಹೇಳ್ಯಾನ."

ಅವ್ವ ಗಾಬರಿಯಾದಳು. ಅದನ್ನು ನಾನು ಅವಳಿಗೆ ಹಾಗೆ ಹೇಳಬಾರದಿತ್ತು. ಸಿಟ್ಟಿನಲ್ಲಿ ಹೇಳಿಬಿಟ್ಟೆ. ಮೂರು ಹೊತ್ತು ದೇವರ ದೀಪಕ್ಕೆ ಕೈ ಮುಗಿಯುತ್ತ ಕೂತಳು, ನನ್ನ ಜೊತೆ ಮಾತಾಡಲಿಲ್ಲ.

ಆದರೂ ನಾನು ಹೋದೆ. ಫೋನ್ ಮಾಡಿ ಕರೆದರೆ ಕೆಲಸಕ್ಕೆ ಕರೆದಂತಾಗುತ್ತದೆ, ಮನೆಗೆ ಹೋಗಿಯೇ ಕರೆಯಬೇಕು ಅನ್ನಿಸಿತು. ಅವರ ಮನೆ ಊರಿನ ಕೊನೆಯ ಸಾಲಿನಲ್ಲಿತ್ತು. ಅಂಗಳದಲ್ಲಿ ನಾಲ್ಕು ಆಡು, ಒಂದು ಬೇವಿನ ಗಿಡ. ಕಾಲು ತೊಳೆಯಲು ನೀರು ಕೊಟ್ಟರು, ಚಾ ಮಾಡಿದರು. ನಾನು ಕೊಬ್ಬರಿ ಬಟ್ಟಲು, ಸಕ್ಕರೆ ಮುಂದಿಟ್ಟು, ಲಗ್ನದ ಮನೆಗೆ ಕರೆಯುವ ಹಾಗೆಯೇ ಹೇಳಿದೆ: "ದೊಡ್ಡವ್ವ, ನಮ್ಮ ಮನ್ಯಾಗ ರೊಟ್ಟಿ ಬಡಿಯೋ ಕೆಲಸ ಐತಿ. ನೀವು ಬಂದು ಕೈ ಹಚ್ಚಬೇಕು. ಕರಿಯಾಕ ಬಂದೀನಿ."

ಅವರು ಕೊಬ್ಬರಿ ಬಟ್ಟಲನ್ನು ಎತ್ತಿ ಸೆರಗಿನಲ್ಲಿ ಇಟ್ಟುಕೊಂಡರು. ಆಮೇಲೆ, "ಎಷ್ಟ ಗಂಟೇಕ್ ಬರ್ಲಿ?" ಅಂದರು.

ಮರುದಿನ ಮೊದಲ ಬಸ್ಸಿಗೇ ಬಂದಿಳಿದರು. ತಮ್ಮದೇ ಎಳ್ಳು, ತಮ್ಮದೇ ನೀರು ಹಚ್ಚುವ ಅರಿವೆಯ ತುಂಡು ಕಟ್ಟಿಕೊಂಡು ಬಂದಿದ್ದರು. ಹಿತ್ತಲಲ್ಲಿ ಮೂರು ಒಲೆ ಹೂಡಿದ್ದೆವು. ಪಡಸಾಲೆಯ ತುಂಬ ಹೆಂಗಸರು. ದೊಡ್ಡ ಕೆಲಸಕ್ಕೆ ಹಿರಿಯರು ಮೊದಲ ರೊಟ್ಟಿ ಬಡಿದು ಒಲೆಗೆ ಒಂದು ಚೂರು ಹಾಕುವುದು ನಮ್ಮ ಕಡೆಯ ರೂಢಿ. ವಯಸ್ಸಿನಲ್ಲಿ ಹಿರಿಯರೆಂದು ಹುಡುಗಿಯರು ಅವರನ್ನೇ ಕೇಳಿದರು, "ಮೊದಲನೇದು ನೀವ ಬಡೀರಿ." ಅವರು ಒಳಗಿನ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದರು. ಮನೆಯ ಯಜಮಾನಿ ಇನ್ನೂ ಹೊರಗೆ ಬಂದು ಅವರನ್ನು ಮಾತಾಡಿಸಿರಲಿಲ್ಲ. ಅವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. "ನಾನು ಎಸರು ಇಡ್ತೀನಿ ತಗೋರಿ, ಬಡಿಯೋದು ನೀವು ಬಡೀರಿ" ಎಂದು ಒಲೆಯ ಕಡೆಗೆ ಸರಿದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಳಗೆ ಹೋದೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು.

"ನನಗ ಆಕಿ ಮ್ಯಾಲೆ ಸಿಟ್ಟಿಲ್ಲ. ಅಂಜಿಕಿ ಐತಿ ತಂಗಿ, ಅಂಜಿಕಿ" ಅಂದಳು.

ಮಕ್ಕಳಿಗೆ ಮೂಢನಂಬಿಕೆಯ ಪಾಠ ಮಾಡಿದ್ದೇನೆ, ಪ್ರಬಂಧ ಬರೆಸಿದ್ದೇನೆ. ಹೆದರಿ ಕೂತ ತಾಯಿಯ ಮುಂದೆ ಅದ್ಯಾವುದೂ ಉಪಯೋಗಕ್ಕೆ ಬರಲಿಲ್ಲ. ಅಷ್ಟರಲ್ಲಿ ಹೊಸ್ತಿಲ ಹತ್ತಿರ ದನಿ ಕೇಳಿತು.

"ಯಕ್ಕಾ, ಒಳಗ ಬರ್ಲೇನ?"

ದೊಡ್ಡವ್ವ ಹೊಸ್ತಿಲ ಹೊರಗೇ ನೆಲದ ಮೇಲೆ ಕೂತರು.

"ಅಳಬ್ಯಾಡ. ಕಣ್ಣಿಗೆ ತ್ರಾಸ ಆಗ್ತೈತಿ. ನಿನ್ನ ಅಂಜಿಕಿ ನನಗ ಗೊತ್ತೈತಿ, ನಾನೂ ಅಂಜಿದಾಕಿನ. ನನ್ನ ಮಗ ಮಿಲಿಟರಿ ಸೇರಿದ ವರ್ಷ ಬಾಜೂ ಊರಿನ್ಯಾಗ ಒಬ್ಬಾಕಿ ಮಗ ಹೋಗಿದ್ದ. ಆಕಿ ನನಗ ದೂರದ ಸಂಬಂಧಿ ಆಗಬೇಕು. ಸಂತ್ಯಾಗ ಆಕಿ ಎದುರು ಬಂದ್ರ ನಾನು ಸುತ್ತ ಹಾಕಿ ಹೋಗ್ತಿದ್ದೆ. ಆಕಿ ನೆಳ್ಳು ನನ್ನ ಮಗನ ಮ್ಯಾಲೆ ಬೀಳಬಾರದು ಅಂತ. ನಾಕ ವರ್ಷ ಹಂಗ ತಪ್ಪಿಸಿಕೊಂಡು ಅಡ್ಡಾಡಿದೆ ನೋಡು. ಏನ ಉಳೀತು? ಆಗೋದು ಆತು. ಆಕಿ ಜೋಡಿ ನಾಕ ಮಾತು ಆಡಿದ್ರ ಆಕಿಗೂ ಜೀವಕ್ಕ ತಂಪಾಗತಿತ್ತು. ಅದೊಂದು ನನಗ ಉಳದೈತಿ."

ಅವ್ವ ಮುಖವನ್ನು ಹೊಸ್ತಿಲ ಕಡೆಗೆ ತಿರುಗಿಸಿದಳು.

"ನಿನಗ ಬ್ಯಾಡ ಅನಿಸಿದ್ರ ನಾ ಎಸರ ಇಡ್ತೀನಿ, ಹಿಟ್ಟ ಸಾಣಿಸ್ತೀನಿ. ಹನ್ನೊಂದು ಹುಡುಗರಿಗೆ ರೊಟ್ಟಿ ಹೋದ್ರ ಸಾಕು. ಕರದ್ರಿ, ಬಂದೆ. ಅದ ದೊಡ್ಡದು ನನಗ."

ಅವ್ವ ಕನ್ನಡಕ ತೆಗೆಯದೆಯೇ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. ಆಮೇಲೆ ಕೇಳಿದಳು, "ನಿನ್ನ ಮಗ ಎಂಥಾ ರೊಟ್ಟಿ ತಿಂತಿದ್ದ?"

"ಎಳ್ಳು ಹಚ್ಚಿದ್ದು. ಮ್ಯಾಲೆ ಬೆಣ್ಣಿ ಇರಬೇಕು. ಬೆಣ್ಣಿ ಇಲ್ಲಂದ್ರ ತಾಟು ಸರಸ್ತಿದ್ದ."

"ನನ್ನವನೂ ಹಂಗ. ತಾಟು ಸರಸೋ ಗುಣ ಎಲ್ಲೆ ಕಲತವೋ ಏನೋ ಇವು" ಎಂದು ಅವ್ವ ನನ್ನ ಕಡೆ ಕೈ ಚಾಚಿದಳು. ಹಿಡಿದುಕೊಂಡೆ. ಪಡಸಾಲೆಗೆ ಬಂದು, ಹೊಗೆ ತಾಗದ ಮೂಲೆಯಲ್ಲಿ ಚಾಪೆಯ ಮೇಲೆ ಕೂತಳು. ಎಲ್ಲರಿಗೂ ಕೇಳುವ ಹಾಗೆ ದೊಡ್ಡವ್ವನಿಗೆ, "ಮೊದಲನೇದು ನೀನ ಬಡಿ ತಂಗಿ. ನಿನ್ನ ಕೈ ಛಲೋ ಅಂತ ನನ್ನ ಮಗ ಹೇಳ್ಯಾನ" ಅಂದಳು.

ದೊಡ್ಡವ್ವ ಕೊಣಮಿಗೆಯ ಮುಂದೆ ಕೂತರು. ಅವರ ಕೈ ನಡೆಯುವುದನ್ನು ನೋಡಲು ಉಳಿದ ಹತ್ತು ಜನರೂ ಕೆಲಸ ನಿಲ್ಲಿಸಿದೆವು. ಹಿಟ್ಟಿನ ಉಂಡೆ ಅಂಗೈ ಕೆಳಗೆ ಗರಗರ ತಿರುಗುತ್ತ ಬೆಳೆಯುತ್ತ ಹೋಗಿ, ಕಾಗದದಷ್ಟು ತೆಳ್ಳಗಾಗಿ, ಎರಡೂ ಕೈ ಮೇಲೆ ಎದ್ದು ಹಂಚಿಗೆ ಹೋಯಿತು. ಒಂದು ಕಡೆಯೂ ಬಿರುಕಿಲ್ಲ. ಅವ್ವ ಮೂಲೆಯಲ್ಲಿ ಕೂತು, ಆರಿದ ರೊಟ್ಟಿಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಖಡಕ್ ಆಗದ್ದನ್ನು ಒಲೆಯ ಮಗ್ಗುಲಿಗೆ ವಾಪಸ್ ಕಳಿಸುತ್ತ, ಆದದ್ದನ್ನು ಅರಿವೆಯಲ್ಲಿ ಸುತ್ತುತ್ತ ಹೋದಳು. ಆ ಕೆಲಸಕ್ಕೆ ಅವಳಿಗೆ ಕಣ್ಣು ಬೇಕಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ತಮ್ಮ ತಮ್ಮ ಮಕ್ಕಳ ಸಣ್ಣಂದಿನ ಹರಾಮಖೋರತನದ ಕಥೆ ಹೇಳುತ್ತಿದ್ದರು. ಕೋಳಿಯ ಕಥೆ ಬಂದಾಗ ಪಡಸಾಲೆಯೇ ನಕ್ಕಿತು. ದೊಡ್ಡವ್ವ ಎಲ್ಲರಿಗಿಂತ ಹೆಚ್ಚು ನಕ್ಕರು.

ಕ್ಯಾಂಪಿನ ಸೈನಿಕ ಸಂಜೆಯ ಮುಂಚೆಯೇ ಬಂದ. ಪ್ಲಾಸ್ಟರ್ ಬಿಚ್ಚಿದ ಎಡಗೈ ಇನ್ನೂ ಬಿಳಿಚಿಕೊಂಡಿತ್ತು. ನಾಲ್ಕು ತಗಡಿನ ಡಬ್ಬಿ ನೋಡಿ ಗಾಬರಿಯಾಗಿ, "ಅಕ್ಕಾ, ನನ್ನ ಸಾಮಾನು ಎಲ್ಲಿ ಇಡ್ಲಿ?" ಅಂದ. ಕೊನೆಗೆ ತನ್ನ ಸಾಮಾನನ್ನೇ ಅರ್ಧ ಬಿಚ್ಚಿ, ಊರಿಗೆ ವಾಪಸ್ ಕಳಿಸಿ ಎಂದು ನಮ್ಮ ಮನೆಯಲ್ಲಿ ಬಿಟ್ಟು ಹೋದ. ಬಸ್ಸಿನಲ್ಲಿ ಕಂಡಕ್ಟರ್ ಡಬ್ಬಿಗಳನ್ನು ತನ್ನ ಸೀಟಿನ ಹಿಂದೆ ಹಗ್ಗದಿಂದ ಕಟ್ಟಿದ. "ಯಾರೂ ಕಾಲು ತಾಗಸಬ್ಯಾಡ್ರಿ, ಮಿಲಿಟರಿ ರೊಟ್ಟಿ ಅದಾವ" ಎಂದು ಕೂಗಿ ಹೇಳಿದ.

ಎಂಟು ದಿನದ ನಂತರ ತಮ್ಮನ ಫೋನ್ ಬಂತು. "ಮೂರು ಡಬ್ಬಿ ಸಾಬೂತ ಬಂದಾವ. ಮ್ಯಾಲಿನ ಡಬ್ಬಿ ಪೂರಾ ಪುಡಿ. ಆ ಪುಡಿಗೆ ಮೊಸರು ಹಾಕ್ಕೊಂಡು ಮೊದಲ ಅದನ್ನ ಮುಗಿಸಿದ್ವಿ" ಅಂದ. ಹಿಮಾಚಲದ ಕಡೆಯ ಹುಡುಗನೊಬ್ಬ ಅದನ್ನು ಹಪ್ಪಳ ಎಂದು ತಿಳಿದು ಎಣ್ಣೆಯಲ್ಲಿ ಕರಿಯಲು ಹೊರಟಿದ್ದನಂತೆ. ಅವ್ವ ಫೋನ್ ಕಸಿದುಕೊಂಡು, ಎಳ್ಳು ರೊಟ್ಟಿ ಯಾರದೆಂದು, ಆಕೆಯ ಮಗನಿಗೆ ಏನಾಯಿತೆಂದು ಮಗನಿಗೆ ಹೇಳಿದಳು. ತಾನು ಹೆದರಿದ್ದನ್ನೂ ಮುಚ್ಚಿಡದೆ ಹೇಳಿದಳು. ಅತ್ತ ಅವನು ಏನು ಅಂದನೋ, ಇತ್ತ ಅವ್ವ "ಹೂಂ... ಹೂಂ... ನಾ ಹುಚ್ಚಿ ಇದ್ದೆ ಬಿಡು" ಎಂದು ನಕ್ಕಳು. ಅದೇ ದಿನ ಅವನು ದೊಡ್ಡವ್ವನಿಗೂ ಫೋನ್ ಮಾಡಿದನಂತೆ. ಅವರು ನನಗೆ ಆಮೇಲೆ ಹೇಳಿದರು: "ಸಮಾಧಾನ ಹೇಳಲಿಲ್ರಿ ಅಕ್ಕಾರ. ನಿಮ್ಮ ಮಗ ಹೆಂಗಿದ್ದ ಹೇಳ್ರಿ ಅಂತ ಕೇಳಿದ. ಅರ್ಧ ತಾಸು ನಾನ ಮಾತಾಡೀನಿ."

ಗಡಿಯ ಸುದ್ದಿ ತಣ್ಣಗಾಯಿತು. ಟೀವಿಯವರು ಬೇರೆ ಕೂಗಾಟಕ್ಕೆ ಹೋದರು. ಮುಂದಿನ ತಿಂಗಳು, ರಜೆ ಮುಗಿಸಿ ಹೊರಟ ಇನ್ನೊಬ್ಬ ಸೈನಿಕನ ಕೈಯಲ್ಲಿ ಮತ್ತೆ ಕಳಿಸಲೆಂದು ರೊಟ್ಟಿ ಬಡಿಯಲು ಕರೆದಾಗ ಹತ್ತು ಜನರಲ್ಲಿ ನಾಲ್ಕೇ ಜನ ಬಂದರು. ಒಬ್ಬರಿಗೆ ಬಿತ್ತನೆ, ಒಬ್ಬರಿಗೆ ಬಸಿರು, ಒಬ್ಬರಿಗೆ ಮರೆವು. ನನಗೆ ಬೇಸರವಾಯಿತು. ಇದೂ ಸ್ಟೇಶನ್ನಿನ ಹಾರದ ಹಾಗೆಯೇ ಬಾಡುತ್ತದೆ ಎಂದುಕೊಂಡೆ. ದೊಡ್ಡವ್ವ ಮಾತ್ರ ಬಸ್ಸಿಳಿದು ಬಂದವರೇ ಹಂಚು ಇಟ್ಟರು. "ನಾಕ ಮಂದಿ ಸಾಕ್ರಿ. ಹನ್ನೊಂದು ಮಂದಿ ಅಲ್ಲೆ ಅದಾರಲ್ಲ, ಅವರೇನ ಕಮ್ಮಿ ಆಗ್ಯಾರೇನ?"

ಅದೇ ತಿಂಗಳು ಅವರ ಓಣಿಯಲ್ಲೂ ಸುದ್ದಿ ಮುಟ್ಟಿತು. ತಾವರಗೇರಾದವರು ಮನೆಗೆ ಬಂದು ಕರೆದುಕೊಂಡು ಹೋಗುತ್ತಾರೆ, ನಾವು ಬಾಜೂ ಮನೆಯವರು ಕರೆಯುವುದಿಲ್ಲ ಎಂದು ಅಲ್ಲಿಯ ಹೆಂಗಸರಿಗೂ ಏನೋ ಅನ್ನಿಸಿರಬೇಕು. ಮೊದಲು ಒಬ್ಬಳು ಸೊಸೆ ತನಗೆ ಖಡಕ್ ರೊಟ್ಟಿ ಕಲಿಸಿ ಎಂದು ಬಂದಳಂತೆ. ಆಮೇಲೆ ಆಕೆಯ ನೆಗೆಣ್ಣಿ. ದೀಪಾವಳಿ ದಾಟಿದ ಮೇಲೆ, ಒಂದು ಲಗ್ನದ ಮನೆಯಿಂದ ರೊಟ್ಟಿಗೆ ಕರೆ ಬಂತು. ಅದನ್ನು ಹೇಳಲು ಅವರು ನನಗೆ ಶಾಲೆಯ ಹೊತ್ತಿನಲ್ಲೇ ಫೋನ್ ಮಾಡಿದ್ದರು. ನಾನು ತರಗತಿಯಿಂದ ಹೊರಗೆ ಬಂದು ಮಾತಾಡಿದೆ. ಈಗ ತಿಂಗಳ ರೊಟ್ಟಿ ಒಂದು ಸಲ ನಮ್ಮ ಪಡಸಾಲೆಯಲ್ಲಿ, ಒಂದು ಸಲ ಅವರ ಅಂಗಳದಲ್ಲಿ.

ತಮ್ಮ ಚಳಿಗಾಲದಲ್ಲಿ ರಜೆಗೆ ಬಂದ. ಮೂರನೆಯ ದಿನವೇ ಅವ್ವನನ್ನೂ ನನ್ನನ್ನೂ ಕರೆದುಕೊಂಡು ದೊಡ್ಡವ್ವನ ಊರಿಗೆ ಹೋದ. ಸಾಲಿ ಮುಂದಿನ ಕಲ್ಲಿಗೆ ಸಲ್ಯೂಟ್ ಹೊಡೆದ, ಹೂವು ಹಾಕಿದ. ಆಮೇಲೆ ಮನೆಗೆ ಹೋಗಿ, ಊಟ ಮಾಡಿ, ಬೆಣ್ಣೆ ಸಾಲದೆಂದು ತಕರಾರು ತೆಗೆದು, ಪಡಸಾಲೆಯ ಕಂಬಳಿಯ ಮೇಲೆ ಗೊರಕೆ ಹೊಡೆಯುತ್ತ ನಿದ್ದೆ ಮಾಡಿದ. ಇಬ್ಬರು ತಾಯಂದಿರು ಅವನ ಎರಡೂ ಬದಿ ಕೂತು ಶೇಂಗಾ ಸುಲಿಯುತ್ತಿದ್ದರು. ಎಬ್ಬಿಸೋಣ, ಬಸ್ಸಿನ ಹೊತ್ತಾಯಿತು ಅಂದರೆ ಇಬ್ಬರೂ ನನ್ನ ಮೇಲೆಯೇ ರೇಗಿದರು.

ಮೊನ್ನೆ ನಮ್ಮ ಪಡಸಾಲೆಯಲ್ಲಿ ತಿಂಗಳ ರೊಟ್ಟಿ ನಡೆದಾಗ ನವಲಿ ಕಡೆಯಿಂದ ಒಬ್ಬ ಹುಡುಗಿ ತನ್ನ ಅಪ್ಪನ ಜೊತೆ ಬಂದಿದ್ದಳು. ಗದ್ದೆ ಮಾಡುವ ಮನೆಯವರು. ಹುಡುಗಿ ಗಡಿ ಪಡೆಗೆ ಆಯ್ಕೆಯಾಗಿ ತರಬೇತಿಗೆ ಹೊರಟಿದ್ದಳು. ಯಾರೋ ನಮ್ಮ ರೊಟ್ಟಿಯ ವಿಷಯ ಹೇಳಿದ್ದರಂತೆ. ಅಪ್ಪ ಸಂಕೋಚದಿಂದ ಹೊರಗೇ ನಿಂತಿದ್ದ. "ನಮ್ಮ ಮನ್ಯಾಗ ಅನ್ನ ಉಣ್ಣೋರು ನಾವು. ಖಡಕ್ ರೊಟ್ಟಿ ಮಾಡಾಕ ಆಕಿ ತಾಯಿಗೆ ಬರಂಗಿಲ್ರಿ" ಅಂದ.

ಹುಡುಗಿ ಮಾತಿನ ನಡುವೆ ತನಗೆ ಹಿಂದಿ ಬರುವುದಿಲ್ಲ, ಅಲ್ಲಿ ಹೇಗೋ ಏನೋ ಎಂದು ಹೇಳಿದಳು.

ದೊಡ್ಡವ್ವ ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಮೇಲೆ ಅರಿವೆ ಬಿಗಿದು ಗಂಟು ಹಾಕುತ್ತಿದ್ದರು. "ಹಿಂದಿ ಬರ್ತೈತಿ ಯವ್ವಾ, ತಿಂಗಳದಾಗ ಬರ್ತೈತಿ. ನನ್ನ ಮಗಗೂ ಬರ್ತಿದ್ದಿಲ್ಲ" ಅಂದರು. ಡಬ್ಬಿಯನ್ನು ಅವಳ ಕೈಗಿಟ್ಟು, ಆ ಕೈಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. "ಮೊದಲನೇ ವಾರ ಒಬ್ಬಾಕಿನ ತಿನಬ್ಯಾಡ. ಬಾಜೂ ಕಾಟಿನ ಮ್ಯಾಲೆ ಮಲಗೋ ಹುಡುಗಿಗೆ ಒಂದು ಕೊಡು. ಆಮ್ಯಾಲೆ ಫೋನ್ ಹಚ್ಚು, ಆಕಿ ಯಾವೂರಾಕಿ ಅಂತ ನನಗ ಹೇಳು."

ಹುಡುಗಿ ಹೂಂ ಅಂದಳು. ಅವ್ವ ಕಟ್ಟೆಯ ಮೇಲೆ ನಿಂತು, ಈಗ ಸ್ವಚ್ಛವಾಗಿ ಕಾಣುವ ಕಣ್ಣುಗಳಿಂದ, ಅಪ್ಪ ಮಗಳು ಓಣಿಯ ತಿರುವು ದಾಟುವವರೆಗೂ ನೋಡಿದಳು. ಆಮೇಲೆ ಒಳಗೆ ಬಂದು, ಇನ್ನೂ ಒಂದು ಮೊರದಷ್ಟು ಹಿಟ್ಟು ಉಳಿದಿದೆ, ಎಸರು ಇಡಲೇ ಎಂದು ಕೇಳಿದಳು.